ಹಳೇ ಕಾರಿಗೆ ಕಾರ್ಬುರೇಟರ್ ಬದಲಿಸುವ ಹುಡುಗರಿಗೆ ಮಾರಿಕುಪ್ಪಂನಿಂದ ಕೆಲವು ಕಿವಿಮಾತು

ಬಂಗಾರಪೇಟೆಯಿಂದ ಹೊರಟ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಬಂದು ನಿಲ್ಲುವ ಕೊನೆಯ ಊರು ನಮ್ಮ ಮಾರಿಕುಪ್ಪಂ. 1894ರಲ್ಲಿ ಈ ಹಳಿ ಹಾಕಿದ್ದು ಕೋಲಾರದ ಚಿನ್ನದ ಗಣಿಗಾಗಿ, ಎಂದರೆ ಕೆಜಿಎಫ್‌ಗಾಗಿ. ಗಣಿಯ ಜೊತೆಗೇ ಇಲ್ಲಿಗೆ ಯಂತ್ರ ಬಂತು, ಯಂತ್ರದ ಜೊತೆಗೆ ಫಿಟ್ಟರು, ಟರ್ನರು, ವೆಲ್ಡರು ಬೆಳೆದರು. ಗಣಿ ಅಧಿಕಾರಿಗಳ ಬಂಗಲೆಗಳ ಮುಂದೆ ಮಾರಿಸ್, ಆಸ್ಟಿನ್ ಕಾರುಗಳು ನಿಂತವು. ಅವುಗಳ ಹಿಂದೆ ಅಂಬಾಸಿಡರ್, ಫಿಯೆಟ್ ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೈಕಸುಬು ಮಾತ್ರ ಮುಚ್ಚಲಿಲ್ಲ. ಇವತ್ತಿಗೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಹುಡುಗರು ಶೆಡ್ಡಿನಲ್ಲಿ ನಿಂತುಹೋದ ಹಳೇ ಗಾಡಿಗಳನ್ನು ಎಬ್ಬಿಸಲು ಆಸೆಪಡುತ್ತಾರೆ. ಅದನ್ನು ನೋಡಿದರೆ ನನಗೆ ತುಂಬಾ ಸಂತೋಷ.

ಆದರೆ ಒಂದು ತಪ್ಪು ದಾರಿ ಮತ್ತೆ ಮತ್ತೆ ಕಾಣುತ್ತಿದೆ. ಗಾಡಿ ಸರಿಯಾಗಿ ಎಳೆಯುತ್ತಿಲ್ಲ ಎಂದ ಕೂಡಲೇ ಕಾರ್ಬುರೇಟರ್ ಬದಲಿಸುತ್ತಾರೆ. ಹೊಸದು ಕೂರಿಸಿದ ಮೇಲೂ ಎಳೆಯದಿದ್ದರೆ ಜೆಟ್ ಕೊರೆಯುತ್ತಾರೆ. ಟ್ಯಾಂಕಿನಿಂದ ಫ್ಲೋಟ್ ಚೇಂಬರಿನವರೆಗೆ ಪೆಟ್ರೋಲು ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಕಾರ್ಬುರೇಟರ್ ಕೇಳುವುದು ನಾಲ್ಕೇ: ಪೆಟ್ರೋಲು ಶುದ್ಧವಾಗಿರಬೇಕು, ತಣ್ಣಗಿರಬೇಕು, ಸಾಕಷ್ಟಿರಬೇಕು, ಒತ್ತಡ ಕಡಿಮೆ ಇರಬೇಕು. ಈ ನಾಲ್ಕನ್ನು ಕೊಟ್ಟರೆ ಮಿಕ್ಕ ಟ್ಯೂನಿಂಗ್ ಸುಲಭ. ಅದಕ್ಕಾಗಿ ಈ ಮಾತುಗಳು.

ಕೈ ಹಾಕುವ ಮೊದಲು

• ಯಾವ ಬದಲಾವಣೆ ಮಾಡುತ್ತಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ನಮ್ಮ ಕಡೆ ಕಾಣುವುದು ಮೂರು ಬಗೆ. ಸವೆದ ಎಸ್‌ಯು ಅಥವಾ ಸೋಲೆಕ್ಸ್ ತೆಗೆದು ಮಾರುತಿ ಗಾಡಿಯ ಮಿಕುನಿ ಕೂರಿಸುವುದು ಒಂದು. ಡೀಸೆಲ್ ಎಂಜಿನ್ ಹೊತ್ತ ಅಂಬಾಸಿಡರನ್ನು ಮತ್ತೆ ಪೆಟ್ರೋಲಿಗೆ ತರುವುದು ಇನ್ನೊಂದು. ಇಂಜೆಕ್ಷನ್ ಎಂಜಿನ್ನಿಗೆ ಕಾರ್ಬುರೇಟರ್ ಹಾಕುವುದು ಮೂರನೆಯದು. ಮೂರಕ್ಕೂ ಪೆಟ್ರೋಲಿನ ದಾರಿ ಬೇರೆ ಬೇರೆ. ಒಬ್ಬರ ಗಾಡಿಗೆ ಮಾಡಿದ್ದನ್ನು ಕಣ್ಣು ಮುಚ್ಚಿ ನಿಮ್ಮ ಗಾಡಿಗೆ ಮಾಡಬೇಡಿ.

• ಹಳೇ ಕಾರ್ಬುರೇಟರನ್ನು ಗುಜರಿಗೆ ಹಾಕುವ ಮೊದಲು ಅದು ನಿಜವಾಗಿ ಸತ್ತಿದೆಯೇ ನೋಡಿ. ಥ್ರಾಟಲ್ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಬುಷ್ ಹಾಕಿಸಿದರೆ ಬಹಳ ಸಲ ಅದೇ ಎಂಜಿನ್ ಸ್ಲೋದಲ್ಲಿ, ಎಂದರೆ ಆಕ್ಸಿಲರೇಟರ್ ಒತ್ತದೆ, ಚೆನ್ನಾಗಿ ಓಡುತ್ತದೆ. ನಮ್ಮೂರಿನ ಒಳ್ಳೆಯ ಟರ್ನರಿಗೆ ಅದು ದೊಡ್ಡ ಕೆಲಸವಲ್ಲ. ಎಸ್‌ಯು, ಸೋಲೆಕ್ಸ್ ಎರಡೂ ಎಷ್ಟು ಸಲ ಬಿಚ್ಚಿದರೂ ಮತ್ತೆ ಕಟ್ಟಬಹುದಾದ ವಸ್ತುಗಳು.

• ಬೇರೆ ಕಾರ್ಬುರೇಟರ್ ಹಾಕಲೇಬೇಕಾದರೆ ಅಳತೆ ನೋಡಿ ಆರಿಸಿ. ಮಾರುತಿ 800 ಗಾಡಿಯ ಎಂಜಿನ್ 796 ಸಿಸಿ. ಅಂಬಾಸಿಡರ್‌ನ ಹಳೇ ಎಂಜಿನ್ 1489 ಸಿಸಿ. ಚಿಕ್ಕದರ ಕಾರ್ಬುರೇಟರ್ ದೊಡ್ಡದಕ್ಕೆ ಹಾಕಿದರೆ ಸ್ಲೋ ಚೆನ್ನಾಗಿ ಇರುತ್ತದೆ, ಪೇಟೆಯಲ್ಲಿ ಓಡುತ್ತದೆ, ಏರು ಬಂದರೆ ಉಸಿರು ಕಟ್ಟುತ್ತದೆ. 1300 ಸಿಸಿ ಜಿಪ್ಸಿಯ ಕಾರ್ಬುರೇಟರ್ ಅದಕ್ಕಿಂತ ಹತ್ತಿರದ್ದು. 1089 ಸಿಸಿ ಫಿಯೆಟ್‌ಗೂ ಇದೇ ಲೆಕ್ಕ ಹಾಕಿ.

• ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಎಷ್ಟೋ ಪಾಸಿಟಿವ್ ಅರ್ತ್. ಈಗ ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಪೆಟ್ರೋಲ್ ಪಂಪುಗಳು ಹೆಚ್ಚಾಗಿ ನೆಗೆಟಿವ್ ಅರ್ತ್‌ಗೆ ಮಾಡಿದವು. ಉಲ್ಟಾ ಕೊಟ್ಟರೆ ಪಂಪು ಆ ಕ್ಷಣವೇ ಸುಟ್ಟುಹೋಗಬಹುದು.

ಟ್ಯಾಂಕು

• ಕೆಲಸ ಟ್ಯಾಂಕಿನಿಂದ ಶುರುವಾಗಲಿ. ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು, ಅಂಟು, ನೀರು ಮೂರೂ ಇರುತ್ತವೆ. ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ಫ್ಲೋಟ್ ಯೂನಿಟ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿದ್ದರೆ ಸಣ್ಣ ಜಲ್ಲಿ, ಬಿಸಿನೀರು, ಸೋಪಿನ ಪುಡಿ ಹಾಕಿ ಕುಲುಕಿ ತೊಳೆಯಿರಿ. ಪೂರ್ತಿ ಒಣಗಿಸಿ, ತಡ ಮಾಡದೆ ಒಂದಿಷ್ಟು ಪೆಟ್ರೋಲು ಹಾಕಿ ಅಲ್ಲಾಡಿಸಿ ಚೆಲ್ಲಿ. ಒದ್ದೆ ಬಿಟ್ಟರೆ ರಾತ್ರಿಯೊಳಗೆ ಹೊಸ ತುಕ್ಕು ಹಿಡಿಯುತ್ತದೆ.

• ತೂತು ಬಿದ್ದ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಒಳಗೆ ಪೆಟ್ರೋಲಿನ ಆವಿ ಗಾಳಿಯ ಜೊತೆ ಬೆರೆತು ಕಾದಿರುತ್ತದೆ. ಆವಿ ಪೂರ್ತಿ ತೆಗೆಯುವ ವ್ಯವಸ್ಥೆ ಇರುವ, ಇದೇ ಕೆಲಸ ಮಾಡುವ ಅಂಗಡಿಗೆ ಕೊಡಿ.

• ಡೀಸೆಲ್ ಗಾಡಿಯನ್ನು ಪೆಟ್ರೋಲಿಗೆ ತರುವವರು ಟ್ಯಾಂಕು, ಪೈಪು ಎರಡರಿಂದಲೂ ಡೀಸೆಲ್ ಜಿಡ್ಡನ್ನು ಪೂರ್ತಿ ತೊಳೆಯಿರಿ. ಸ್ವಲ್ಪ ಉಳಿದರೂ ಪ್ಲಗ್ ಕರಿಹಿಡಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಒಂದು ಲಾಭವೂ ಇದೆ: ಡೀಸೆಲ್ ಗಾಡಿಗೆ ಟ್ಯಾಂಕಿಗೆ ವಾಪಸು ಹೋಗುವ ಪೈಪು ಮೊದಲೇ ಇರುತ್ತದೆ. ಅದನ್ನು ಕಿತ್ತು ಬಿಸಾಡಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

• ಟ್ಯಾಂಕಿಗೆ ಉಸಿರಾಡಲು ದಾರಿ ಬೇಕು. ಮುಚ್ಚಳದಲ್ಲಿ ಅಥವಾ ಪಕ್ಕದ ಸಣ್ಣ ಪೈಪಿನಲ್ಲಿ ಗಾಳಿ ಆಡುತ್ತದೆಯೇ ನೋಡಿ. ಅದು ಮುಚ್ಚಿದ್ದರೆ ಪೆಟ್ರೋಲು ಖಾಲಿಯಾಗುತ್ತಾ ಒಳಗೆ ನಿರ್ವಾತ ಬೆಳೆದು ಪಂಪು ಎಳೆಯಲಾರದೆ ಸೋಲುತ್ತದೆ. ಸ್ವಲ್ಪ ದೂರ ಓಡಿ ನಿಂತ ಗಾಡಿಯ ಮುಚ್ಚಳ ತೆಗೆದಾಗ ಪುಸ್ ಎಂದು ಗಾಳಿ ಒಳಗೆ ಹೋದರೆ ತಪ್ಪು ಅಲ್ಲೇ ಇದೆ. ಕಾರ್ಬುರೇಟರ್ ಮುಟ್ಟಬೇಡಿ.

ಪೈಪು, ಹೋಸು, ಫಿಲ್ಟರು

• ಟ್ಯಾಂಕಿನಿಂದ ಬಾನೆಟ್ಟಿನವರೆಗೆ ಲೋಹದ ಪೈಪೇ ಇರಲಿ. ರಬ್ಬರ್ ಹೋಸು ತುದಿಗಳಲ್ಲಿ ಮಾತ್ರ, ಅದೂ ಗೇಣುದ್ದಕ್ಕಿಂತ ಹೆಚ್ಚು ಬೇಡ. ಎಂಜಿನ್ ಅಲುಗುವ ಕಡೆ ಮಾತ್ರ ಹೋಸು ಬೇಕು, ಉಳಿದ ಕಡೆ ಬೇಡ. ತಾಮ್ರದ ಪೈಪು ಬಗ್ಗಿಸಲು ಸುಲಭ. ಆದರೆ ಅಲುಗಾಟದಲ್ಲಿ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಸೀಳುತ್ತದೆ. ಬ್ರೇಕಿಗೆ ಬಳಸುವ ಸ್ಟೀಲ್ ಪೈಪಿನ ದಪ್ಪ ಅಳತೆಯದ್ದು ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಹಾಕಿಸಿ.

• ಅಂಬಾಸಿಡರ್, ಫಿಯೆಟ್ ಗಾತ್ರದ ಎಂಜಿನ್ನಿಗೆ ಒಳಅಳತೆ 6ರಿಂದ 8 ಮಿಲಿಮೀಟರ್ ಇರುವ ದಾರಿ ಸಾಕು. ಎಲ್ಲಿಯೂ ಚಪ್ಪಟೆಯಾಗಿರಬಾರದು. ಜ್ಯಾಕ್ ತಪ್ಪಾಗಿ ಇಟ್ಟು ಜಜ್ಜಿದ ಪೈಪುಗಳು ಹಳೇ ಗಾಡಿಗಳ ಅಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಗಾಡಿಯ ಕೆಳಗೆ ಮಲಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೆರಳಾಡಿಸಿ ನೋಡಿ.

• ಪೈಪನ್ನು ಸೈಲೆನ್ಸರ್ ಇರುವ ಮಗ್ಗುಲಲ್ಲಿ ಎಳೆಯಬೇಡಿ. ಪ್ರತಿ ಮೊಳಕ್ಕೊಂದು ಕ್ಲಿಪ್ ಹಾಕಿ ಬಾಡಿಗೆ ಕಟ್ಟಿ. ತಗಡು ತೂರಿ ಬರುವ ಕಡೆ ರಬ್ಬರ್ ಬುಷ್ ಇರಲೇಬೇಕು. ತಗಡಿನ ಅಂಚು ದಿನಾ ಸ್ವಲ್ಪ ಸ್ವಲ್ಪ ಪೈಪನ್ನು ಕೊಯ್ಯುತ್ತದೆ.

• ಹೋಸನ್ನು ಬೆಲೆ ನೋಡಿ ಕೊಳ್ಳಬೇಡಿ, ಮೇಲೆ ಅಚ್ಚಾದದ್ದನ್ನು ಓದಿ ಕೊಳ್ಳಿ. ಎಸ್‌ಎಇ ಜೆ30 ಆರ್9 ಎಂದು ಬರೆದಿರುವ ಹೋಸು ಎಥೆನಾಲ್ ಬೆರೆತ ಪೆಟ್ರೋಲನ್ನು ತಡೆಯುತ್ತದೆ. ಏನೂ ಬರೆಯದ ಕಪ್ಪು ರಬ್ಬರ್ ಒಳಗಿನಿಂದ ಮೆತ್ತಗಾಗಿ ಚೂರು ಚೂರಾಗಿ ಜೆಟ್ಟಿಗೆ ಸೇರುತ್ತದೆ. ಸ್ಕೂಟರಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು ಕಾರಿನ ಬಾನೆಟ್ಟಿನೊಳಗೆ ಬೇಡವೇ ಬೇಡ. ಬಿಸಿಗೆ ಸಡಿಲಗೊಂಡು ಜಾರುತ್ತದೆ.

• ಪೈಪಿನ ತುದಿಯಲ್ಲಿ ಸಣ್ಣ ಉಬ್ಬು ಇದ್ದರೆ ಹೋಸು ಕಚ್ಚಿ ಕೂರುತ್ತದೆ. ನುಣುಪು ತುದಿಗೆ ಹೋಸು ಸಿಕ್ಕಿಸಿ ಕ್ಲಿಪ್ ಬಿಗಿದರೆ ಅದು ನಂಬಿಕೆಯ ಜೋಡಣೆಯಲ್ಲ. ಬೈಂಡಿಂಗ್ ವೈರ್ ಸುತ್ತಿ ತಿರುಚುವುದನ್ನು ಇವತ್ತಿಗೇ ಬಿಡಿ.

• ಫಿಲ್ಟರ್ ಎರಡು ಕಡೆ ಇರಲಿ. ಪಂಪಿನ ಮೊದಲು ದಪ್ಪ ಜಾಲರಿಯದ್ದು, ಪಂಪಿನ ನಂತರ ಕಾರ್ಬುರೇಟರಿಗೆ ಹತ್ತಿರ ನವಿರಾದದ್ದು. ಟ್ಯಾಂಕ್ ತೊಳೆದ ಮೇಲೂ ಮೊದಲ ಕೆಲವು ವಾರ ಫಿಲ್ಟರಿನಲ್ಲಿ ಕೆಂಪು ಪುಡಿ ಸೇರುತ್ತದೆ. ಆಗಾಗ ಬದಲಿಸಿ. ಎಂಜಿನ್ ಪಕ್ಕದಲ್ಲಿ ಲೋಹದ ಫಿಲ್ಟರ್ ಒಳ್ಳೆಯದು. ಪ್ಲಾಸ್ಟಿಕ್ಕಿನದು ಹಾಕಿದರೆ ಎಕ್ಸಾಸ್ಟಿನಿಂದ ದೂರ ಇಡಿ.

ಪಂಪು ಮತ್ತು ಒತ್ತಡ

• ಇಡೀ ಕೆಲಸದಲ್ಲಿ ನೆನಪಿಡಬೇಕಾದ ಒಂದು ಅಂಕಿ ಇದ್ದರೆ ಇದು: ಕಾರ್ಬುರೇಟರಿಗೆ 2ರಿಂದ 3 ಪಿಎಸ್‌ಐ ಒತ್ತಡ ಸಾಕು. ಇಂಜೆಕ್ಷನ್ ಗಾಡಿಯ ಪಂಪು ಕೊಡುವುದು 35ರಿಂದ 45 ಪಿಎಸ್‌ಐ. ಅದನ್ನು ನೇರ ಜೋಡಿಸಿದರೆ ಫ್ಲೋಟ್ ಎಷ್ಟು ಮೇಲೆ ಒತ್ತಿದರೂ ನೀಡಲ್ ತಡೆಯಲಾರದು. ಪೆಟ್ರೋಲು ಉಕ್ಕಿ ಬಿಸಿ ಎಕ್ಸಾಸ್ಟಿನ ಮೇಲೆ ಸುರಿಯುತ್ತದೆ. ಇಂಜೆಕ್ಷನ್ ಎಂಜಿನ್ನಿಗೆ ಕಾರ್ಬುರೇಟರ್ ಹಾಕುವವರು ಟ್ಯಾಂಕಿನೊಳಗಿನ ಹಳೇ ಪಂಪನ್ನು ತೆಗೆದು ಕಡಿಮೆ ಒತ್ತಡದ ಪಂಪು ಹಾಕುವುದೇ ಸರಿಯಾದ ದಾರಿ.

• ಎಂಜಿನ್ನಿನ ಕ್ಯಾಮಿನಿಂದ ಓಡುವ ಮೆಕ್ಯಾನಿಕಲ್ ಪಂಪು ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಸುರಕ್ಷತೆ ಇಲ್ಲ. ಡಯಾಫ್ರಮ್ ಮಾತ್ರ ಎಥೆನಾಲ್ ತಡೆಯುವ ಹೊಸದನ್ನು ಹಾಕಿ. ಪಂಪಿಗೂ ಬ್ಲಾಕಿಗೂ ನಡುವೆ ಮೊದಲಿದ್ದಷ್ಟೇ ದಪ್ಪದ ಪ್ಯಾಕಿಂಗ್ ಇರಲಿ. ಆಯಿಲ್ ಸೋರುತ್ತದೆಂದು ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಪೇರಿಸಿದರೆ ಪಂಪಿನ ಕೈ ಕ್ಯಾಮಿಗೆ ಪೂರ್ತಿ ತಾಗದೆ ಪೆಟ್ರೋಲು ಕಡಿಮೆಯಾಗುತ್ತದೆ.

• ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪೆಟ್ರೋಲಿನ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಮ್ ಹರಿದಿರಬಹುದು. ಆ ಆಯಿಲ್ ಇಟ್ಟುಕೊಂಡು ಗಾಡಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

• ಎಲೆಕ್ಟ್ರಿಕ್ ಪಂಪು ಹಾಕುವುದಾದರೆ ಟ್ಯಾಂಕಿನ ಹತ್ತಿರ, ಟ್ಯಾಂಕಿನ ತಳಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕೆಳಗೆ ಕೂರಿಸಿ. ಗಣಿಯಲ್ಲಿ ನೀರೆತ್ತುವ ಪಂಪನ್ನು ಮೇಲಿಟ್ಟು ಕೆಳಗಿನ ನೀರು ಎಳೆಯುತ್ತಿರಲಿಲ್ಲ. ನೀರಿನ ಪಕ್ಕದಲ್ಲೇ ಕೂರಿಸಿ ಹಂತ ಹಂತವಾಗಿ ಮೇಲಕ್ಕೆ ತಳ್ಳುತ್ತಿದ್ದರು. ಪೆಟ್ರೋಲ್ ಪಂಪಿನ ನಿಯಮವೂ ಅದೇ. ತಳ್ಳುವುದು ಅದರ ಬಲ, ಎಳೆಯುವುದು ಅದರ ದೌರ್ಬಲ್ಯ. ಎಳೆಯುವ ಕಡೆ ಒತ್ತಡ ಇಳಿದರೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತದೆ.

• ಪಂಪು ಕೊಡುವ ಒತ್ತಡ ಹೆಚ್ಚಿದ್ದರೆ ರೆಗ್ಯುಲೇಟರ್ ಹಾಕಿ, ಕಾರ್ಬುರೇಟರಿಗೆ ಹತ್ತಿರದಲ್ಲಿ. ಆಮೇಲೆ ಅದರ ಮೇಲೆ ಬರೆದ ಅಂಕಿಯನ್ನು ನಂಬಿ ಸುಮ್ಮನಾಗಬೇಡಿ. ಟಿ ಜಾಯಿಂಟ್ ಹಾಕಿ, 0ಯಿಂದ 15 ಪಿಎಸ್‌ಐ ತೋರಿಸುವ ಸಣ್ಣ ಗೇಜಿನಲ್ಲಿ ಎಂಜಿನ್ ಸ್ಲೋದಲ್ಲಿ ಓಡುವಾಗ ಅಳೆಯಿರಿ. ಟೈರಿನ ಗಾಳಿ ನೋಡುವ ದೊಡ್ಡ ಗೇಜಿನಲ್ಲಿ 2, 3 ಪಿಎಸ್‌ಐ ಗೊತ್ತಾಗುವುದಿಲ್ಲ.

• ಒತ್ತಡದಷ್ಟೇ ಮುಖ್ಯ ಹರಿವು. 50 ಕುದುರೆ ಬಲದ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಂಟೆಗೆ ಸುಮಾರು 15 ಲೀಟರ್, ಎಂದರೆ ನಿಮಿಷಕ್ಕೆ ಕಾಲು ಲೀಟರ್ ಪೆಟ್ರೋಲು ಕುಡಿಯುತ್ತದೆ. ಪಂಪು ಅದರ ಎರಡರಷ್ಟು, ನಿಮಿಷಕ್ಕೆ ಅರ್ಧ ಲೀಟರ್ ಕೊಟ್ಟರೆ ನಿಶ್ಚಿಂತೆ. ಅಳೆಯುವುದು ಹೀಗೆ: ತಣ್ಣಗಿನ ಎಂಜಿನ್, ಬಯಲು ಜಾಗ. ಇಗ್ನಿಷನ್ ಕಾಯಿಲಿನ ವೈರ್ ಕಳಚಿ ಕಿಡಿ ನಿಲ್ಲಿಸಿ. ಕಾರ್ಬುರೇಟರ್ ಕಡೆಯ ಹೋಸನ್ನು ಲೋಹದ ಅಳತೆ ಪಾತ್ರೆಗೆ ಬಿಟ್ಟು ಅರ್ಧ ನಿಮಿಷ ಪಂಪು ಓಡಿಸಿ. ಮೆಕ್ಯಾನಿಕಲ್ ಪಂಪಾದರೆ ಸೆಲ್ಫ್ ತಿರುಗುವ ವೇಗ ಕಡಿಮೆ, ಹಾಗಾಗಿ ಬರುವುದೂ ಸ್ವಲ್ಪ ಕಡಿಮೆ; ಧಾರೆ ಮಾತ್ರ ಬಲವಾಗಿ, ಗುಳ್ಳೆ ಇಲ್ಲದೆ ಬರಬೇಕು.

• ಎಲೆಕ್ಟ್ರಿಕ್ ಪಂಪಿಗೆ ಕರೆಂಟನ್ನು ಇಗ್ನಿಷನ್ ಸ್ವಿಚ್ಚಿನಿಂದ ನೇರ ಕೊಡಬೇಡಿ. ಫ್ಯೂಸ್ ಇರಲಿ, ರಿಲೇ ಇರಲಿ, ಆ ರಿಲೇ ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಓಡಲಿ. ಎಂಜಿನ್ ನಿಂತು ಆಯಿಲ್ ಒತ್ತಡ ಬಿದ್ದರೆ ಪಂಪೂ ನಿಲ್ಲಬೇಕು. ಡಿಕ್ಕಿ ಹೊಡೆದಾಗ ತಾನೇ ಕತ್ತರಿಸುವ ಇನರ್ಷಿಯಾ ಸ್ವಿಚ್ ಹಾಕಿದರೆ ಇನ್ನೂ ಒಳ್ಳೆಯದು. ಅಪಘಾತವಾಗಿ ಪೈಪು ತುಂಡಾದ ಗಾಡಿಯಲ್ಲಿ ಪಂಪು ಓಡುತ್ತಲೇ ಇದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಬಿಸಿ ಮತ್ತು ವಾಪಸು ದಾರಿ

• ನಮ್ಮ ಕೆಜಿಎಫ್ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಮದ್ರಾಸಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಆದ್ದರಿಂದ ಪೆಟ್ರೋಲು ಇಲ್ಲಿ ಸ್ವಲ್ಪ ಕಡಿಮೆ ಬಿಸಿಗೇ ಕುದಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಟಾಗ ಮಿಸ್ಸಿಂಗ್ ಆಗಿ ನಿಲ್ಲುವುದು ಇದರಿಂದಲೇ.

• ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬುರೇಟರ್ ಬುಡದಲ್ಲೇ ಬೆಂಕಿಯಂಥ ಎಕ್ಸಾಸ್ಟ್. ಮ್ಯಾನಿಫೋಲ್ಡಿಗೂ ಕಾರ್ಬುರೇಟರಿಗೂ ನಡುವೆ ಬೇಕಲೈಟಿನ ದಪ್ಪ ತುಂಡು, ಅದರ ಜೊತೆಗೆ ಬಿಸಿ ತಡೆಯುವ ತಗಡು ಎರಡೂ ಇರಬೇಕು. ಹೊಸ ಕಾರ್ಬುರೇಟರ್ ಹಾಕುವಾಗ ಜಾಗ ಸಾಲದೆಂದು ಇವನ್ನು ತೆಗೆದುಬಿಡುವವರು ಇದ್ದಾರೆ. ಜಾಗ ಸಾಲದಿದ್ದರೆ ಉದ್ದದ ಸ್ಟಡ್ ಹಾಕಿ, ಅಡಾಪ್ಟರ್ ಪ್ಲೇಟ್ ಮಾಡಿಸಿ, ತಗಡನ್ನು ತೆಗೆಯಬೇಡಿ.

• ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ದಾರಿ ಕಟ್ಟುವ ಏರ್ ಲಾಕಿಗೆ ಶಾಶ್ವತ ಪರಿಹಾರ ವಾಪಸು ಪೈಪು. ಕಾರ್ಬುರೇಟರಿಗೆ ಹೋಗುವ ಮೊದಲು ಟಿ ಜಾಯಿಂಟ್ ಹಾಕಿ ಒಂದು ಕವಲನ್ನು ಟ್ಯಾಂಕಿಗೆ ಕಳಿಸಿ. ಆ ಕವಲಿನಲ್ಲಿ ಒಂದೂವರೆ ಮಿಲಿಮೀಟರ್ ತೂತಿನ ತಡೆ ಇರಲಿ, ಇಲ್ಲದಿದ್ದರೆ ಪೆಟ್ರೋಲೆಲ್ಲ ಸುಲಭದ ದಾರಿ ಹಿಡಿದು ವಾಪಸು ಹೋಗುತ್ತದೆ. ಈಗ ಪೆಟ್ರೋಲು ನಿಲ್ಲದೆ ಸುತ್ತುತ್ತದೆ, ತಣ್ಣಗಿರುತ್ತದೆ, ಗುಳ್ಳೆ ಟ್ಯಾಂಕಿಗೆ ಹೋಗಿ ಸೇರುತ್ತದೆ. ಮಾರುತಿ ಮುಂತಾದ ಗಾಡಿಗಳು ಇದೇ ಏರ್ಪಾಡಿನೊಂದಿಗೆ ಬಂದವು. ವಾಪಸು ಪೈಪಿನ ತುದಿ ಟ್ಯಾಂಕಿನೊಳಗೇ ಸೇರಲಿ, ಮುಚ್ಚಳದ ಕುತ್ತಿಗೆಗೆ ಬಾಯಿ ಬಿಟ್ಟುಕೊಂಡು ನೇತಾಡಬಾರದು.

• ಬಿಸಿಯಾದ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಮಾತ್ರ. ಮನೆ ಸೇರಿದ ಮೇಲೆ ಕಾರಣ ಹುಡುಕಿ.

ಕಾರ್ಬುರೇಟರ್ ಕೂರಿಸುವಾಗ

• ಅಡಾಪ್ಟರ್ ಪ್ಲೇಟಿನ ಎರಡೂ ಮುಖ ಸಮತಟ್ಟಾಗಿರಲಿ. ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ನೋಡಿ; ತಗ್ಗಿದ್ದ ಕಡೆ ಹೊಳಪು ಬರುವುದಿಲ್ಲ. ಸರಿಯಾದ ದಪ್ಪದ ಪ್ಯಾಕಿಂಗ್ ಕಾಗದ ಹಾಕಿ. ಪೆಟ್ರೋಲು ತಾಗುವ ಕಡೆ ಸಾಮಾನ್ಯ ಸಿಲಿಕೋನ್ ಅಂಟು ಬಳಸಬೇಡಿ. ಅದು ಊದಿಕೊಂಡು ಎಳೆ ಎಳೆಯಾಗಿ ಬಿಚ್ಚಿ ಜೆಟ್ ಮುಚ್ಚುತ್ತದೆ.

• ಫ್ಲೋಟ್ ಮಟ್ಟವನ್ನು ಆ ಕಾರ್ಬುರೇಟರಿನ ಪುಸ್ತಕದಲ್ಲಿರುವ ಅಳತೆಗೇ ಇಡಿ. ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಅದ್ದಿ. ಗುಳ್ಳೆ ಬಂದರೆ ತೂತಿದೆ. ನೀಡಲ್, ಸೀಟ್ ಎರಡನ್ನೂ ಜೋಡಿಯಾಗಿಯೇ ಹೊಸದು ಹಾಕಿ.

• ಮಿಕುನಿ ಕಾರ್ಬುರೇಟರಿನಲ್ಲಿ ಪೆಟ್ರೋಲು ಕತ್ತರಿಸುವ ಸೊಲೆನಾಯ್ಡ್ ಇದ್ದರೆ ಅದಕ್ಕೆ ಇಗ್ನಿಷನ್ನಿನಿಂದ 12 ವೋಲ್ಟ್ ಕೊಡಿ. ಕೊಡದಿದ್ದರೆ ಸ್ಲೋದಲ್ಲಿ ಎಂಜಿನ್ ಓಡುವುದೇ ಇಲ್ಲ. ಇಗ್ನಿಷನ್ ಆನ್ ಮಾಡಿದಾಗ ಟಕ್ ಎನ್ನಬೇಕು. ಉಪಯೋಗಿಸದ ವ್ಯಾಕ್ಯೂಮ್ ಮೂತಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ.

• ಎಸ್‌ಯು ಉಳಿಸಿಕೊಂಡವರು ಡ್ಯಾಶ್‌ಪಾಟಿಗೆ ತೆಳುವಾದ 20 ನಂಬರ್ ಆಯಿಲ್ ಹಾಕಿ. ಮಿಶ್ರಣ ನೋಡಲು ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ವೇಗ ಸ್ವಲ್ಪ ಏರಿ ಮತ್ತೆ ಮೊದಲಿನಂತೆ ನಿಂತರೆ ಸರಿ. ಏರಿ ಹಾಗೇ ಉಳಿದರೆ ಪೆಟ್ರೋಲು ಹೆಚ್ಚು. ಎಂಜಿನ್ ನಿಂತೇಹೋದರೆ ಪೆಟ್ರೋಲು ಕಡಿಮೆ. ಜೆಟ್ ನಟ್ಟನ್ನು ಒಂದೊಂದೇ ಮುಖ ತಿರುಗಿಸಿ ಸರಿಮಾಡಿ.

ಇವತ್ತಿನ ಪೆಟ್ರೋಲು

• ನಿಮ್ಮ ಗಾಡಿ ಹುಟ್ಟಿದಾಗ ಇದ್ದ ಪೆಟ್ರೋಲು ಈಗ ಬಂಕಿನಲ್ಲಿಲ್ಲ. ಸೀಸದ ಪೆಟ್ರೋಲು 2000ದಲ್ಲಿ ದೇಶದಿಂದಲೇ ಹೋಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡಾ 20 ಎಥೆನಾಲ್ ಬೆರೆತ ಇ20 ಬಿಡುಗಡೆಯಾಯಿತು, ಈಗ ಎಲ್ಲ ಕಡೆ ಅದೇ. ಹಳೇ ರಬ್ಬರು, ಹಳೇ ಕಾರ್ಕು, ಟ್ಯಾಂಕಿನ ಒಳಲೇಪ ಇವು ಯಾವುವೂ ಅದಕ್ಕಾಗಿ ಮಾಡಿದವಲ್ಲ. ಒಂದೊಂದಾಗಿ ಕೈಕೊಡುವವರೆಗೆ ಕಾಯದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

• ಬರಿ ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಎಂದರೆ ಅದೇ ಗಾಳಿಗೆ ಶೇಕಡಾ 9ರಷ್ಟು ಹೆಚ್ಚು ಪೆಟ್ರೋಲು ಕೊಡಬೇಕು. ಇತ್ತ ನಮ್ಮ ಎತ್ತರದ ತೆಳುಗಾಳಿಯಲ್ಲಿ ಕಾರ್ಬುರೇಟರ್ ತಾನಾಗಿಯೇ ಸ್ವಲ್ಪ ಹೆಚ್ಚು ಪೆಟ್ರೋಲು ಬಿಡುತ್ತದೆ. ಎರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸುವುದರಿಂದ ಇಲ್ಲಿ ಬಹಳ ಗಾಡಿಗಳಿಗೆ ಮೇನ್ ಜೆಟ್ ಒಂದು ನಂಬರ್ ಏರಿಸಿದರೆ ಸಾಕಾಗುತ್ತದೆ. ಸೋಲೆಕ್ಸ್ ಜೆಟ್ಟಿನ ಮೇಲಿನ 120 ಎಂದರೆ 1.20 ಮಿಲಿಮೀಟರ್. 125ರ ಜೆಟ್ ಕೊಂಡು ಹಾಕಿ ನೋಡಿ. ತಂತಿ ತೂರಿಸಿ ತೂತು ಅಗಲ ಮಾಡಬೇಡಿ. ಆ ಜೆಟ್ಟಿನ ನಂಬರಿಗೆ ಆಮೇಲೆ ಅರ್ಥವೇ ಇರುವುದಿಲ್ಲ.

• ಎಥೆನಾಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು, ಎಥೆನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಫ್ಲೋಟ್ ಚೇಂಬರ್ ಎರಡನ್ನೂ ಖಾಲಿ ಮಾಡಿ.

ನಮ್ಮೂರ ಧೂಳು

• ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡಗಳ ಬಗ್ಗೆ ಈ ಊರಿನವರಿಗೆ ಹೇಳಬೇಕಿಲ್ಲ. ಗಾಳಿ ಎದ್ದ ದಿನ ಅಲ್ಲಿಂದ ಹಾರಿ ಬರುವುದು ಗಿರಣಿಯಲ್ಲಿ ಅರೆದ ಕಲ್ಲಿನ ಹಿಟ್ಟು. ಅದು ಮಣ್ಣಿನ ಧೂಳಿನಂತೆ ಮೃದುವಲ್ಲ, ಪಿಸ್ಟನ್ ರಿಂಗನ್ನು ಎಮರಿಯಂತೆ ಉಜ್ಜುತ್ತದೆ. ಕಾರ್ಬುರೇಟರ್ ಬದಲಿಸಿದವರು ಏರ್ ಫಿಲ್ಟರ್ ಸೇರುವುದಿಲ್ಲವೆಂದು ಬಾಯಿ ತೆರೆದು ಓಡಿಸುವುದು ಈ ಊರಿನಲ್ಲಿ ಎಂಜಿನ್ನಿಗೆ ಮಾಡುವ ದ್ರೋಹ. ಫಿಲ್ಟರ್ ಕೂರುವ ಏರ್ಪಾಡು ಆದ ಮೇಲೆಯೇ ಗಾಡಿ ಬೀದಿಗೆ ಇಳಿಸಿ.

• ಫ್ಲೋಟ್ ಚೇಂಬರಿನ ಗಾಳಿತೂತು, ಟ್ಯಾಂಕಿನ ಉಸಿರುಪೈಪು ಎರಡಕ್ಕೂ ನೇರ ಧೂಳು ಬೀಳದಂತೆ ನೋಡಿ. ಕೆಲಸ ಮಾಡುವಾಗ ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ ಚೊಕ್ಕ ಬಟ್ಟೆ ಸುತ್ತಿ.

ಬೆಂಕಿಯ ಎಚ್ಚರ

• ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹಳ್ಳದಲ್ಲಿ, ಶೆಡ್ಡಿನ ಮೂಲೆಯಲ್ಲಿ ನಿಲ್ಲುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಪೆಟ್ರೋಲ್ ಕೆಲಸ ಮಾಡಬೇಡಿ. ಬ್ಯಾಟರಿಯ ಅರ್ತ್ ವೈರ್ ಕಳಚುವುದು ಮೊದಲ ಕೆಲಸ. ಹತ್ತಿರ ಬೀಡಿ, ಒಲೆ, ಗ್ರೈಂಡರ್, ತಂತಿ ನೇತಾಡುವ ಬಲ್ಬು ಯಾವುದೂ ಬೇಡ.

• ಬಾಯಿ ಹಾಕಿ ಹೋಸಿನಿಂದ ಪೆಟ್ರೋಲು ಎಳೆಯಬೇಡಿ. ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆ ಸೇರುವ ಹಾಗಾಗುತ್ತದೆ. ಕೈಪಂಪು ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ.

• ಕೆಲಸದ ಜಾಗದಲ್ಲಿ ಒಂದು, ಗಾಡಿಯಲ್ಲಿ ಒಂದು ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಪಕ್ಕದಲ್ಲಿ ಬಕೆಟ್ ಮರಳು. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು. ಬೆಂಕಿ ನೀರಿನ ಮೇಲೇರಿ ಹರಡುತ್ತದೆ. ಬಾನೆಟ್ಟಿನೊಳಗೆ ಹೊತ್ತಿಕೊಂಡರೆ ಬಾನೆಟ್ ಪೂರ್ತಿ ಎತ್ತಬೇಡಿ, ಸಂದಿಯಿಂದ ಪುಡಿ ಹೊಡೆಯಿರಿ.

• ತೆಗೆದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳಿರುವ ಮನೆ. ಬಿಗಿ ಮುಚ್ಚಳದ ಲೋಹದ ಡಬ್ಬ, ಮೇಲೆ ದೊಡ್ಡದಾಗಿ ಹೆಸರು.

ಓಡಿಸಿ ನೋಡುವುದು

• ಮೊದಲು ಹತ್ತು ನಿಮಿಷ ನಿಂತಲ್ಲೇ ಸ್ಲೋದಲ್ಲಿ ಓಡಿಸಿ. ಪ್ರತಿ ಜಾಯಿಂಟಿಗೂ ಒಣ ಬೆರಳು ತಾಗಿಸಿ ಮೂಸಿ. ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ‘ಸ್ವಲ್ಪ ಒದ್ದೆ ಅಷ್ಟೇ’ ಎನ್ನುವ ಮಾತು ಪೆಟ್ರೋಲಿಗೆ ಇಲ್ಲ.

• ಆಮೇಲೆ ಬಂಗಾರಪೇಟೆಯವರೆಗೆ ಹೋಗಿ. ಅಲ್ಲಿ ಪಾನಿಪುರಿ ತಿಂದು ಮುಗಿಸುವಷ್ಟು ಹೊತ್ತು ಎಂಜಿನ್ ಆರಿಸಿ, ಬಾನೆಟ್ ಮುಚ್ಚಿ ಗಾಡಿ ನಿಲ್ಲಿಸಿ. ಮತ್ತೆ ಸೆಲ್ಫ್ ಹೊಡೆಯಿರಿ. ಓಡಿ ನಿಂತ ಎಂಜಿನ್ನಿನ ಬಿಸಿ ಕಾರ್ಬುರೇಟರಿಗೆ ಏರುವುದು ಈ ಕಾಲು ಗಂಟೆಯಲ್ಲೇ. ಚಕ್ಕನೆ ಸ್ಟಾರ್ಟ್ ಆಗಿ ಮಿಸ್ಸಿಂಗ್ ಇಲ್ಲದೆ ಹೊರಟರೆ ಬಿಸಿಯ ಕೆಲಸ ಸರಿಯಾಗಿದೆ.

• ಮೂರನೆಯದು ಏರಿನ ಪರೀಕ್ಷೆ. ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಅರ್ಧ ನಿಮಿಷ ಪೂರ್ತಿ ಒತ್ತಿ. ಮೊದಲು ಚೆನ್ನಾಗಿ ಎಳೆದು ಆಮೇಲೆ ಸೋತರೆ ಫ್ಲೋಟ್ ಚೇಂಬರ್ ಖಾಲಿಯಾಗುತ್ತಿದೆ: ಫಿಲ್ಟರ್, ಪೈಪು, ಪಂಪು ನೋಡಿ. ಒತ್ತಿದ ಕೂಡಲೇ ತಡವರಿಸಿ ಆಮೇಲೆ ಎಳೆದರೆ ಅದು ಕಾರ್ಬುರೇಟರಿನ ಆಕ್ಸಿಲರೇಟರ್ ಪಂಪು ಅಥವಾ ಜೆಟ್ಟಿನ ವಿಷಯ. ಈ ಎರಡರ ವ್ಯತ್ಯಾಸ ತಿಳಿದವನಿಗೆ ಅರ್ಧ ಮೆಕ್ಯಾನಿಕ್ ಕೆಲಸ ಬಂದಂತೆಯೇ.

• ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿಕಂದು ಒಳ್ಳೆಯದು. ಬಿಳಿ ಎಂದರೆ ಪೆಟ್ರೋಲು ಕಡಿಮೆ, ಹಾಗೇ ಓಡಿಸಿದರೆ ವಾಲ್ವ್ ಸುಡುತ್ತದೆ. ಕರಿಮಸಿ ಎಂದರೆ ಹೆಚ್ಚು. ಮದ್ರಾಸಿನ ಕಡೆ ಇಳಿದು ಹೋಗುವವರು ಅಲ್ಲಿ ತಲುಪಿದ ಮೇಲೆ ಮತ್ತೊಮ್ಮೆ ಪ್ಲಗ್ ನೋಡಿ. ಎತ್ತರ ಬದಲಾದಂತೆ ಮಿಶ್ರಣವೂ ಬದಲಾಗುತ್ತದೆ.

ಕಾಗದ ಪತ್ರ

• ಡೀಸೆಲ್‌ನಿಂದ ಪೆಟ್ರೋಲಿಗೆ ಬಂದರೆ, ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ನಮೂದಿಲ್ಲದ ಗಾಡಿಗೆ ಅಪಘಾತವಾದರೆ ವಿಮೆಯ ಹಣಕ್ಕೆ ತೊಂದರೆಯಾಗುತ್ತದೆ.

• ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಮ್ಮೆ ಯೋಚಿಸಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ ನೋಂದಣಿ ಬೇಕಾದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ಗಾಡಿಗೆ ಮೂಲ ಕಾರ್ಬುರೇಟರನ್ನೇ ರಿಪೇರಿ ಮಾಡಿಸುವುದು ಜಾಣತನ. ಬದಲಿಸಿದರೂ ಹಳೆಯದನ್ನು ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಜೋಪಾನವಾಗಿ ಇಡಿ. ಹೊಸದನ್ನು ಕೂರಿಸಲು ಮೂಲ ಮ್ಯಾನಿಫೋಲ್ಡನ್ನು ಕೊಯ್ಯಬೇಡಿ, ಕೊರೆಯಬೇಡಿ.

• ಬಿಡಿಭಾಗಕ್ಕೆ ನಮಗೆ ಎರಡು ದಿಕ್ಕಿನಲ್ಲೂ ರೈಲಿದೆ. ಬಂಗಾರಪೇಟೆ ಬೆಂಗಳೂರು–ಮದ್ರಾಸು ಹಳಿಯ ಮೇಲೇ ಇದೆ. ಬೆಂಗಳೂರಿನ ಜೆ.ಸಿ. ರಸ್ತೆ, ಮದ್ರಾಸಿನ ಪುದುಪೇಟೆ ಎರಡನ್ನೂ ಸುತ್ತಿ. ಹಳೇ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಪಕ್ಕಕ್ಕಿಟ್ಟು ಅಳತೆ ನೋಡಿಯೇ ಕೊಳ್ಳಿ.

ಕೊನೆಯದಾಗಿ ಒಂದು ಮಾತು ಹೇಳುತ್ತೇನೆ ಮಕ್ಕಳೇ. ಗೇಜು ಹಿಡಿದು ಒತ್ತಡ ಅಳೆಯಿರಿ, ಪಾತ್ರೆ ಹಿಡಿದು ಹರಿವು ಅಳೆಯಿರಿ, ಅಳೆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. ಜೆಟ್ ನಂಬರ್, ಫ್ಲೋಟ್ ಮಟ್ಟ, ಫಿಲ್ಟರ್ ಬದಲಿಸಿದ ದಿನ ಎಲ್ಲವೂ ಅದರಲ್ಲಿರಲಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಈ ಊರಿನ ಹಳೇ ಫಿಟ್ಟರುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕಿವಿ ಎಂಜಿನ್ನಿನ ಸದ್ದನ್ನು ಇನ್ನೂ ಗುರುತಿಸುತ್ತದೆ. ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಕೇಳಿ ಕಲಿಯಿರಿ. ಕಲಿತದ್ದನ್ನು ನಿಮ್ಮ ನಂತರದ ಹುಡುಗರಿಗೂ ಹೇಳಿಕೊಡಿ.